ಬಾಜೂಕಿನವ್ರನ್ನ ಕೇಳ್ರಿ

ಶ್ರದ್ಧಾಂಜಲಿ ಸಭೆಯಲ್ಲಿ ಅಧ್ಯಕ್ಷರು ಎದ್ದು, "ಈಗ ಒಂದು ನಿಮಿಷ ಮೌನ ಆಚರಿಸೋಣ" ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದವರು ಅಳುತ್ತಿದ್ದಾಳೆ ಅಂದುಕೊಂಡು ಬೆನ್ನು ಸವರಿದರು. ಅಳುವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಗ್ರಂಥಾಲಯದ ಕೋಣೆಯಲ್ಲಿ, ಅದೂ ನಮ್ಮ ಸರ್ ಸಲುವಾಗಿ, ಮೌನ! ಅವರೇನಾದರೂ ಅಲ್ಲಿದ್ದಿದ್ದರೆ ಮೊದಲು ಅವರೇ ಅದನ್ನು ಮುರಿಯುತ್ತಿದ್ದರು.

ಎಲ್ಲರೂ ತಲೆ ಬಗ್ಗಿಸಿ ನಿಂತಿದ್ದಾಗಲೇ ಮೂಲೆಯ ಫೋನು ಹೊಡೆದುಕೊಂಡಿತು. ಹತ್ತಿರ ನಿಂತಿದ್ದ ರಫೀಕ್ ಬಗ್ಗಿಸಿದ ತಲೆ ಎತ್ತದೆಯೇ ಕೈ ಚಾಚಿ ರಿಸೀವರ್ ತೆಗೆದುಕೊಂಡು, "ಹಾಂ, ಒಳಗೈತ್ರಿ. ನಾಳೆ ಪೇಟ್ಯಾಗ ಹಾಕಸ್ತೇನಿ" ಎಂದು ಪಿಸುಗುಟ್ಟಿ ಇಟ್ಟ. ಅಧ್ಯಕ್ಷರು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು. ರಫೀಕ್ ಗ್ರಂಥಾಲಯದ ನೌಕರನಲ್ಲ. ದಾಂಡೇಲಿ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಗ್ಯಾರೇಜು ಇದೆ. ಗ್ರಂಥಾಲಯದ ಫೋನನ್ನು ಒಬ್ಬ ಮೆಕ್ಯಾನಿಕ್ ಯಾಕೆ ಎತ್ತುತ್ತಾನೆ ಎಂಬುದನ್ನು ಹೇಳಿದರೆ ನಮ್ಮ ಸರ್ ಬಗ್ಗೆ ಮುಕ್ಕಾಲು ಭಾಗ ಹೇಳಿದಂತೆಯೇ.

ಊರಿನ ಕೆಲವು ಹಿರಿಯರು ಸೇರಿ ಕಟ್ಟಿದ ಆ ಗ್ರಂಥಾಲಯದಲ್ಲಿ ಅವರು ಗ್ರಂಥಪಾಲಕರು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ನನ್ನ ಕಂಪ್ಯೂಟರ್ ತರಬೇತಿ ಕೇಂದ್ರ. ನಡುವೆ ಒಂದು ಸ್ಲ್ಯಾಬು ಇತ್ತು, ಇದ್ದೂ ಪ್ರಯೋಜನವಿರಲಿಲ್ಲ. ಅವರು ಕೆಳಗೆ ಮಾತಾಡಿದರೆ ನನ್ನ ವಿದ್ಯಾರ್ಥಿಗಳು ಮೇಲೆ ಟೈಪು ಮಾಡುವುದನ್ನು ನಿಲ್ಲಿಸುತ್ತಿದ್ದರು. ಜಗತ್ತಿನ ಎಲ್ಲ ಗ್ರಂಥಾಲಯಗಳಲ್ಲೂ ಓದುಗರು ಗದ್ದಲ ಮಾಡುತ್ತಾರೆ, ಗ್ರಂಥಪಾಲಕರು ಸುಮ್ಮನಿರಿಸುತ್ತಾರೆ. ನಮ್ಮಲ್ಲಿ ಓದುಗರು ಕಿವಿ ಮುಚ್ಚಿಕೊಂಡು ಓದುತ್ತಿದ್ದರು.

ಗೋಡೆಯ ಮೇಲೆ 'ನಿಶ್ಶಬ್ದ' ಎಂಬ ಹಲಗೆಯೇನೋ ಇತ್ತು. ಅದನ್ನು ಅವರು ತಿರುಗಿಸಿ ಹಾಕಿ, ಹಿಂಬದಿಗೆ ಬಸ್ಸಿನ ವೇಳೆ ಬರೆದಿದ್ದರು. ನಾನೊಮ್ಮೆ ಸಿಟ್ಟಿನಿಂದ ಕೆಳಗಿಳಿದು ಬಂದು ಕೇಳಿದ್ದಕ್ಕೆ, "ಗುಡ್ಯಾಗ ಗಂಟಿ ಹೊಡಿತಾರ, ಮಸೂತ್ಯಾಗ ಬಾಂಗ್ ಕೊಡ್ತಾರ. ನಾ ಇಲ್ಲೆ ನಾಕ ಮಾತ ಆಡಿದ್ರ ನಿನಗ್ಯಾಕ ತ್ರಾಸ ತಂಗಿ? ಕೂಡ್ರು, ಚಾ ಕುಡಿ" ಎಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆದರೆ ಅವರ ಮುಂದೆ ಅದು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಚಹಾ ಕುಡಿದು ಮೇಲೆ ಹೋದೆ.

ನನ್ನೊಂದಿಗೆ ಕನ್ನಡ, ರಫೀಕನೊಂದಿಗೆ ಉರ್ದು, ಜೋಯಿಡಾದ ಸೋಮನೊಂದಿಗೆ ಕೊಂಕಣಿ, ಕಾಗದದ ಮಿಲ್ಲಿನ ಗುಮಾಸ್ತರೊಂದಿಗೆ ಮರಾಠಿ. ಎಲ್ಲವನ್ನೂ ಒಂದೇ ಎತ್ತರದ ದನಿಯಲ್ಲಿ ಆಡುತ್ತಿದ್ದರು. ಫೋನಿನಲ್ಲಂತೂ ತಂತಿಯ ಮೇಲೆ ನಂಬಿಕೆಯೇ ಇಲ್ಲದವರಂತೆ, ತಮ್ಮ ಗಂಟಲಿನಿಂದಲೇ ಮುಂಡಗೋಡ ಮುಟ್ಟಿಸಬೇಕೆಂದು ಕೂಗುತ್ತಿದ್ದರು. ಮುಂಡಗೋಡ ಕಡೆಯ ಪಾಳಾ ಊರಿನ ಅಂಗನವಾಡಿಯ ಶಾಂತವ್ವ ಫೋನು ಮಾಡಿ, "ಹೋದ ಸಲ ನಮ್ಮ ಮಾವಾರು ಓದಿದ್ರಲ್ರಿ, ಕೆಂಪ ರಟ್ಟಿಂದು, ಅದರ ಮುಂದಿಂದು ಐತೇನ್ರಿ?" ಎಂದರೆ ಸಾಕು. "ಮಾವ ಹೆಂಗದಾರ? ಕೆಮ್ಮ ಕಡಿಮಿ ಆತಿಲ್ಲೊ? ಅದರ ಮುಂದಿಂದು ಹಳಿಯಾಳಕ್ಕ ಹೋಗೈತಿ, ಬಂದ ಕೂಡ್ಲೆ ಕಳಿಸ್ತೇನಿ!" ಆ ಉತ್ತರ ರಸ್ತೆಯ ಆಚೆಯ ಬೇಕರಿಯವನಿಗೂ ಕೇಳುತ್ತಿತ್ತು.

ಪುಸ್ತಕ ಕಳಿಸುವುದೆಂದರೆ ಪೇಟಿ. ಹಳಿಯಾಳ, ಜೋಯಿಡಾ, ಮುಂಡಗೋಡಗಳಿಗೆ ಒಂದೊಂದು ತಗಡಿನ ಪೇಟಿ ವಾರಕ್ಕೊಮ್ಮೆ ಬಸ್ಸಿನ ಮೇಲೆ ಹೋಗುತ್ತಿತ್ತು. ಜೋಯಿಡಾದ ಪೇಟಿ ಆ ಊರಿನ ಮೇಲೆ ಹಾಯುವ ಉಳವಿ ಬಸ್ಸಿಗೆ. ಜೋಯಿಡಾದಲ್ಲಿ ಸೋಮ ಇಳಿಸಿಕೊಂಡು ಪರಿಚಯದ ಅಂಗಡಿಯಲ್ಲಿಡುತ್ತಿದ್ದ. ಓದಿದ ಪುಸ್ತಕಗಳು ಅದೇ ಪೇಟಿಯಲ್ಲಿ ಹಿಂದಿರುಗುತ್ತಿದ್ದವು. ಈ ಪೇಟಿಯ ಏರ್ಪಾಡು ಪೂರಾ ಅವರದೇ ಕಲ್ಪನೆ, ಅವರದೇ ಹಟ.

ಜನ ತಮ್ಮನ್ನು ಕೇಳುವುದೆಂದರೆ ಅವರಿಗೆ ಪ್ರಾಣ. ಇದನ್ನು ನಾನು ಮುಚ್ಚಿಡುವುದಿಲ್ಲ. ಯಾರಾದರೂ ನೇರವಾಗಿ ಕಪಾಟಿಗೆ ಹೋಗಿ ತಾವೇ ಹುಡುಕಿಕೊಂಡರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. "ಯಾಕ, ನಾ ಇಲ್ಲೇನು?" ರಫೀಕ್ ಪತ್ತೇದಾರಿ ಕಾದಂಬರಿ ವಾಪಸು ತಂದರೆ, ಪುಟ ತಿರುವಿ ಅವನ ಹೆಬ್ಬೆರಳಿನ ಗ್ರೀಸಿನ ಗುರುತು ನೋಡುವರು. "ಅರ್ಧಕ್ಕ ನಿಂತೀಯಲ್ಲೋ! ಇಲ್ಲಿಂದ ಮುಂದ ಪುಟಾ ಸ್ವಚ್ಛ ಅದಾವು. ಒಯ್ಯಿ, ಮುಗಿಸಿ ತಾ." ರಫೀಕ್ ಆಣೆ ಮಾಡಿ, ಕೈ ತೊಳೆದುಕೊಂಡು ಓದಿದೆ ಎನ್ನುವನು. ಅವರು ಕೊಲೆ ಮಾಡಿದ್ದು ಯಾರು ಎಂದು ಕೇಳುವರು. ರಫೀಕ್ ಪುಸ್ತಕ ಎತ್ತಿಕೊಂಡು ಹೊರಡುವನು.

ಅವರ ನಿವೃತ್ತಿ ಹತ್ತಿರ ಬಂದಾಗ ಆಡಳಿತ ಸಮಿತಿ ಒಂದು ತೀರ್ಮಾನ ಮಾಡಿತು. ಅವರ ಜಾಗಕ್ಕೆ ಇನ್ನೊಬ್ಬ ಗ್ರಂಥಪಾಲಕರನ್ನು ನೇಮಿಸುವುದಿಲ್ಲ. ಬಾಗಿಲು ತೆರೆದು ಮುಚ್ಚಲು ಒಬ್ಬ ಸಿಪಾಯಿ ಇರುತ್ತಾನೆ. ಉಳಿದದ್ದನ್ನು ಓದುಗರು ಒಂದು ವೆಬ್‌ಸೈಟಿನ ಸಹಾಯದಿಂದ ತಾವೇ ನಡೆಸಿಕೊಳ್ಳುವುದಾದರೆ ಗ್ರಂಥಾಲಯವೂ ಪೇಟಿಗಳೂ ಉಳಿಯುತ್ತವೆ. ಇಲ್ಲವಾದರೆ ಪುಸ್ತಕಗಳನ್ನು ಯಾವುದಾದರೂ ಶಾಲೆಗೆ ಕೊಟ್ಟು ಬಾಗಿಲು ಮುಚ್ಚುವುದು. ಆಗ ಹಳಿಯಾಳ, ಮುಂಡಗೋಡಗಳಲ್ಲೂ ಸೈಬರ್ ಕೆಫೆಗಳು ಬಂದಿದ್ದವು, ವೆಬ್‌ಸೈಟು ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಸಮಿತಿಯವರು ಅದನ್ನು ಕೂತಲ್ಲಿಂದಲೇ ಗ್ರಂಥಾಲಯ ನಡೆಸುವ ಮಂತ್ರ ಎಂದುಕೊಂಡಿದ್ದರು.

ಕೆಲಸ ನನಗೆ ಬಂತು. ನಾನು ಜಾಣೆಯಂತೆ ಮೆನು ಮಾಡಿದೆ: ಸಂಗ್ರಹ, ಸೇವೆಗಳು, ಸದಸ್ಯತ್ವ, ಪರಾಮರ್ಶನ, ನಿಯತಕಾಲಿಕೆಗಳು. ಆಗೆಲ್ಲ ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಸರಿಯಾಗಿ ಮೂಡುತ್ತಿರಲಿಲ್ಲ. ಹಾಗಾಗಿ ಒಂದೊಂದು ಪದವನ್ನೂ ಚಿತ್ರದಂತೆ ಬರೆದು ಅಂಟಿಸಬೇಕು. ಒಂದು ಹೆಸರು ಬದಲಾಯಿಸಿದರೆ ಹೊಸ ಚಿತ್ರ. ಇಷ್ಟೆಲ್ಲ ಒದ್ದಾಡಿ ಅವರಿಗೆ ತೋರಿಸಿದರೆ, ಪರದೆಯನ್ನು ಬಹಳ ಹೊತ್ತು ನೋಡಿ, "ಭಾಳ ಚಂದ ಐತಿ ತಂಗಿ. ಆದ್ರ ಇದನ್ನ ನೋಡಿ ಶಾಂತವ್ವ ಏನ ಮಾಡಬೇಕು?" ಎಂದರು.

ಆಮೇಲೆ ತಮ್ಮ ಮನೆಯ ಸಂಗತಿ ಹೇಳಿದರು. ಅವರ ಹೆಂಡತಿ ಚಹಾಪುಡಿಯ ಡಬ್ಬಿಯನ್ನು ಬಚ್ಚಲೊಲೆಯ ಮೇಲಿನ ಗೂಡಿನಲ್ಲಿಡುತ್ತಿದ್ದರು. ಯಾಕೆಂದರೆ ಇವರಿಗೆ ಸ್ನಾನವಾದ ಕೂಡಲೇ ಚಹಾ ಬೇಕು, ನೀರು ಕಾಯುವ ಒಲೆಯ ಮೇಲೆಯೇ ಅದೂ ಆಗಿಬಿಡುತ್ತಿತ್ತು. ಸೊಸೆ ಬಂದವಳು ಅಡುಗೆಮನೆಯನ್ನು ಶಿಸ್ತಾಗಿ ಜೋಡಿಸಿ, ಪುಡಿಗಳೆಲ್ಲ ಒಂದು ಕಡೆ, ಕಾಳುಗಳೆಲ್ಲ ಒಂದು ಕಡೆ ಮಾಡಿದಳು. "ನೋಡಾಕ ಚಂದ ಆತು. ಆದ್ರ ನಾ ಒದ್ದಿ ಮೈಲೆ ಮನಿತುಂಬ ಅಡ್ಡಾಡಾಕತ್ತೆ. ನೀ ಮಾಡಿದ್ದು ನನ್ನ ಸೊಸಿ ಅಡಗಿಮನಿ."

"ಹಂಗಾದ್ರ ನಿಮ್ಮ ಗ್ರಂಥಾಲಯಶಾಸ್ತ್ರ ಎಲ್ಲಿ ಹೋತ್ರಿ?" ನಾನು ರೇಗಿದೆ.

"ಶಾಸ್ತ್ರ ಕಪಾಟಿನ್ಯಾಗಿರಲಿ. ಬಾಗಲಾ ಮಂದೀದು. ಮಂದೀನ್ನ ಕೇಳೂಣು."

ಹಳೆಯ ಸೂಚಿಕಾರ್ಡುಗಳ ಖಾಲಿ ಬೆನ್ನಿನ ಮೇಲೆ, ಜನ ಏನೇನು ಕೇಳಿಕೊಂಡು ಬರುತ್ತಾರೋ ಅದನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದರು, ಕಾರ್ಡಿಗೆ ಒಂದರಂತೆ. ಹೊಸ ಕಾದಂಬರಿ. ಹಳೇ ಪ್ರಶ್ನೆಪತ್ರಿಕೆ. ಸದಸ್ಯರಾಗುವುದು. ಪುಸ್ತಕ ಕಳೆದುಹೋದರೆ. ಬೇರೆಯವರು ಒಯ್ದ ಪುಸ್ತಕ ಬೇಕಾದರೆ. ಪೇಟಿ ಹೊರಡುವ ದಿನ. ಬಸ್ಸಿನ ವೇಳೆಗೂ ಒಂದು ಕಾರ್ಡು. ಸಂತೆಯ ದಿನ, ಸುತ್ತಲಿನ ಹಳ್ಳಿಯವರೂ ಊರಿಗೆ ಬರುತ್ತಾರೆಂದು, ವಾಚನಾಲಯದ ನೆಲಕ್ಕೆ ಜಮಖಾನೆ ಹಾಸಿ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಕೂಡಿಸಿದರು. "ಯಾವುದು ಯಾವುದರ ಜೋಡಿ ಇರಬೇಕು ಅನಸ್ತೈತಿ, ಕೂಡಿಸಿ ಇಡ್ರಿ. ಆಮ್ಯಾಲ ಒಂದೊಂದ ಗುಂಪಿಗೆ ಒಂದ ಹೆಸರ ಇಡ್ರಿ."

ಮೊದಲು ಕೂತವನು ರಫೀಕ್. ಇಸ್ಪೀಟು ಹಂಚುವವನಂತೆ ಚಕಚಕ ಹಾಕಿದ. ದಿನಪತ್ರಿಕೆ, ವಾರಪತ್ರಿಕೆ ಒಂದು ಕಡೆ. ಉಳಿದ ಅಷ್ಟೂ ಕಾರ್ಡು ಇನ್ನೊಂದು ಕಡೆ, ದೊಡ್ಡ ಕಟ್ಟು.

"ಇದಕ್ಕ ಹೆಸರು?"

"ಇದಕ್ಯಾಕ ಹೆಸರು ಸಾಬ್? ಇದೆಲ್ಲಾ ನಿಮಗ ಕೇಳೂದು."

ನಾನು ನಕ್ಕೆ. ನನಗಿಂತ ಜೋರಾಗಿ ಸರ್ ನಕ್ಕರು, ಮೀಸೆ ಸವರಿಕೊಂಡರು. ಆಮೇಲೆ ಶಾಂತವ್ವ ಕೂತಳು. ಅವಳು ಪರೀಕ್ಷೆಗೆ ಓದಲೆಂದು ಆಗ ದಾಂಡೇಲಿಯ ತವರುಮನೆಗೆ ಬಂದಿದ್ದವಳು, ಪ್ರಶ್ನೆಪತ್ರಿಕೆ ಮತ್ತು ಸ್ಪರ್ಧಾಪರೀಕ್ಷೆಯ ಪುಸ್ತಕ ಕೂಡಿಸಿಟ್ಟಳು. ಉಳಿದದ್ದು ದೊಡ್ಡ ಕಟ್ಟು. "ಇದು ಸರ್ ಅವರ್ನ ಕೇಳೂದ್ರಿ." ಸೋಮ ಪೇಟಿಯ ಕಾರ್ಡಿನ ಪಕ್ಕಕ್ಕೆ ಬಸ್ಸಿನ ಕಾರ್ಡು ಇಟ್ಟ, ಉಳಿದದ್ದನ್ನು ಎರಡೂ ಕೈಯಿಂದ ಎತ್ತಿ ಅವರ ಮುಂದೆಯೇ ಹಿಡಿದ. "ತುಮ್ಕಾಂ ವಿಚಾರ್ಚೆಂ." ಅಂದರೆ ಅದೇ, ನಿಮ್ಮನ್ನೇ ಕೇಳುವುದು.

ಮಧ್ಯಾಹ್ನದ ಹೊತ್ತಿಗೆ ಅವರ ನಗು ನಿಂತಿತ್ತು. ಒಬ್ಬರ ಕಣ್ಣೆದುರು ಇನ್ನೊಬ್ಬರು ಮಾಡಿದ್ದಲ್ಲ, ಒಬ್ಬೊಬ್ಬರೇ ಬಂದು ಮಾಡಿದ್ದು. ಆದರೂ ಎಲ್ಲರದೂ ಅದೇ ದೊಡ್ಡ ಕಟ್ಟು. ಜನ ಹೋದ ಮೇಲೆ ಜಮಖಾನೆಯ ಮೇಲೆ ಕೂತು ಕಾರ್ಡುಗಳನ್ನು ಸುಮ್ಮನೆ ನೋಡುತ್ತಿದ್ದರು.

"ಖುಷಿ ಪಡ್ರಿ ಸರ್," ನಾನು ಅಂದೆ. "ಎಂಥಾ ಪ್ರೀತಿ ನೋಡ್ರಿ."

"ಇದು ಪ್ರೀತಿ ಅಲ್ಲ ತಂಗಿ." ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಮೊದಲ ಸಲ ಕೇಳಿದ್ದು. "ನೀವು ಹೋದ ಮರುದಿನ ಬಾಗಲಾ ಹಾಕ್ರಿ ಅಂತ ಹೇಳಾಕತ್ತಾರ. ಅವರ ತಪ್ಪಲ್ಲ. ಕೇಳ್ರಿ ಕೇಳ್ರಿ ಅಂತ ಕಲಿಸಿದಾಂವ ನಾನ. ನನಗ ಬೇಕಾಗಿತ್ತದು."

ಸಮಾಧಾನ ಹೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

ಮರುದಿನ ಕೆಳಗಿನಿಂದ ಸದ್ದೇ ಇಲ್ಲ. ನನ್ನ ವಿದ್ಯಾರ್ಥಿಗಳೇ ಗಾಬರಿಯಾದರು. ಏನಾಯಿತೋ ಎಂದು ಇಳಿದು ಹೋದರೆ, ಅವರು ತಮ್ಮ ಕುರ್ಚಿಯಲ್ಲಿ ಬಾಯಿತುಂಬ ಎಲೆಯಡಿಕೆ ತುಂಬಿಕೊಂಡು ಕೂತಿದ್ದರು. ಮೇಜಿನ ಮೇಲೆ ಒಂದು ರಟ್ಟು: 'ನನ್ನ ಕೇಳಬ್ಯಾಡ್ರಿ. ಬಾಜೂಕಿನವ್ರನ್ನ ಕೇಳ್ರಿ.' ಅಂದರೆ ಪಕ್ಕದಲ್ಲಿರುವವರನ್ನು. ಬಾಯಿ ಖಾಲಿ ಇದ್ದರೆ ತಮ್ಮಿಂದ ತಡೆಯಲಾಗುವುದಿಲ್ಲವೆಂದು ಈ ಎಲೆಯಡಿಕೆಯ ಏರ್ಪಾಡು. ಅದು ಅವರಿಗೆ ಅಭ್ಯಾಸವೂ ಇರಲಿಲ್ಲ, ಪಾಪ, ಕಣ್ಣಲ್ಲಿ ನೀರು ಬಂದಿತ್ತು.

ಜನ ಮುನಿದುಕೊಂಡರು. ರಫೀಕ್ ತನ್ನಿಂದೇನೋ ತಪ್ಪಾಯಿತೆಂದು ಅರ್ಧಕ್ಕೆ ಬಿಟ್ಟಿದ್ದ ಕಾದಂಬರಿಗಳನ್ನೆಲ್ಲ ಮುಗಿಸಿ ತಂದು, ಒಂದೊಂದರಲ್ಲೂ ಕೊಲೆಗಾರ ಯಾರೆಂದು ಒಪ್ಪಿಸಿದ. ಅವರು ತಲೆಯಾಡಿಸಿದರೇ ಹೊರತು ಮಾತಾಡಲಿಲ್ಲ. ಮಿಲ್ಲಿನ ಒಬ್ಬ ಗುಮಾಸ್ತರು, ನಿವೃತ್ತಿಗೆ ಮುಂಚೆಯೇ ಸೊಕ್ಕು ಬಂತು ಎಂದರು. ಅದು ಅವರ ಕಿವಿಗೆ ಬಿತ್ತು. ಮುಖ ಕೆಂಪಾಯಿತು, ಇನ್ನೊಂದು ಎಲೆಗೆ ಸುಣ್ಣ ಹಚ್ಚಿಕೊಂಡರು.

ಫೋನಿನದೇ ದೊಡ್ಡ ತಮಾಷೆ. ಅದು ಹೊಡೆದುಕೊಂಡರೆ ಅವರು ರಿಸೀವರ್ ಎತ್ತಿ, ಹತ್ತಿರ ಯಾರು ನಿಂತಿರುತ್ತಾರೋ ಅವರ ಕೈಗೆ ಕೊಟ್ಟುಬಿಡುತ್ತಿದ್ದರು. ಮೊದಲ ಸಲ ಸಿಕ್ಕಿಬಿದ್ದವನು ರಫೀಕನೇ. "ಹಲೋ... ಲೈಬ್ರರಿ... ಅಲ್ರಿ, ನಾ ರಫೀಕ್, ಗ್ಯಾರೇಜಿಂದು... ಸಾಬ್ ಅದಾರ, ಬಾಯಾಗ ಪಾನ್ ಐತಿ... ಏನ ಬೇಕ್ರಿ ನಿಮಗ?" ಹಳಿಯಾಳದವರಿಗೆ ಯಾವುದೋ ಪುಸ್ತಕ ಬೇಕಿತ್ತು. ರಫೀಕ್ ಕೈಯಿಂದ ರಿಸೀವರ್ ಮುಚ್ಚಿ ಅವರತ್ತ ನೋಡಿದ. ಅವರು ಸೂರು ನೋಡಿದರು. ಪಕ್ಕದಲ್ಲಿ ಓದುತ್ತಿದ್ದ ಶಾಂತವ್ವ, "ಅದು ಹೊರಗೈತಿ, ಮನ್ನೆ ನಾನ ನೋಡೇನಿ, ಜೋಯಿಡಾ ಪೇಟ್ಯಾಗ ಹೋತು" ಎಂದಳು. "ಹೊರಗೈತ್ರಿ!" ರಫೀಕ್ ಫೋನಿನಲ್ಲಿ ಕೂಗಿದ, ಥೇಟ್ ಅವರ ದನಿಯಲ್ಲೇ.

ಅವತ್ತು ಅವರು ನನ್ನತ್ತ ತಿರುಗಿ ಹುಬ್ಬು ಕುಣಿಸಿದರು. ನನಗೂ ಆಗ ಹೊಳೆಯಿತು. ಯಾರೂ 'ಸಂಗ್ರಹ' ಎನ್ನುವುದಿಲ್ಲ, 'ಪರಾಮರ್ಶನ' ಎನ್ನುವುದಿಲ್ಲ. ಪುಸ್ತಕ ಒಳಗೈತೋ ಹೊರಗೈತೋ ಎನ್ನುತ್ತಾರೆ. ನಾನು ದಿನಾ ಸಂಜೆ ಒಂದು ಗಳಿಗೆ ಕೆಳಗೆ ಬಂದು ಕೂತು, ಜನ ಜನಕ್ಕೆ ಹೇಗೆ ಹೇಳಿಕೊಡುತ್ತಾರೆ ಎಂದು ಕೇಳತೊಡಗಿದೆ. ಕೆಲವು ವಾರ ಕಳೆದ ಮೇಲೆ ಮತ್ತೆ ಜಮಖಾನೆ ಹಾಸಿದರು. ಈ ಸಲ ಇಬ್ಬಿಬ್ಬರನ್ನು ಎದುರುಬದುರು ಕೂಡಿಸಿದರು. ಒಬ್ಬರು ಕಾರ್ಡು ಎತ್ತುವುದು, ಇದು ಎಲ್ಲಿ ಸಿಗುತ್ತದೆಂದು ಇನ್ನೊಬ್ಬರು ಹೇಳುವುದು. ಅವರ ಬಾಯಲ್ಲಿ ಎಲೆಯಡಿಕೆ. ದೊಡ್ಡ ಕಟ್ಟು ತಾನಾಗಿಯೇ ಒಡೆಯಿತು. ಒಳಗೈತೋ ಹೊರಗೈತೋ. ಮನೀಗೆ ಒಯ್ಯೂದು. ಇಲ್ಲೇ ಕೂತು ಓದೂದು. ಪರೀಕ್ಷಾಕ್ಕ ಓದೂದು. ಪೇಟಿ ಮತ್ತು ಬಸ್ಸು. ನಾನು ಬೈದುಕೊಳ್ಳುತ್ತಲೇ ಎಲ್ಲ ಚಿತ್ರಗಳನ್ನು ಹೊಸದಾಗಿ ಬರೆದೆ, ಹೇಗೆ ಆಡುತ್ತಾರೋ ಹಾಗೇ.

ಸಮಿತಿಯ ಅಧ್ಯಕ್ಷರು ನೋಡಲು ಬಂದ ದಿನ ಒಂದು ಕಂಪ್ಯೂಟರನ್ನು ಕೆಳಗಿಳಿಸಿ ಗ್ರಂಥಾಲಯದ ಮೇಜಿನ ಮೇಲಿಟ್ಟಿದ್ದೆ. ಪರದೆ ನೋಡಿದವರೇ ಮುಖ ಗಂಟಿಕ್ಕಿದರು. "ಇದೇನ್ರಿ ಭಾಷಾ? ಮತ್ತ ಬಸ್ಸಿನ ಟೈಮ್ ಯಾಕ? ಇದು ಲೈಬ್ರರಿಯೋ ಬಸ್‌ಸ್ಟ್ಯಾಂಡೋ?"

ಸರ್ ಎದ್ದು ಕಿಟಕಿಯಿಂದಾಚೆ ಉಗುಳಿ ಬಂದರು. "ಬಸ್ ತಪ್ಪಿದ್ರ ಜೋಯಿಡಾದಾಗ ಪುಸ್ತಕ ಇಲ್ಲ ಸಾಹೇಬ್ರ. ಅವರಿಗೆ ಎರಡೂ ಒಂದ." ಅಷ್ಟೇ ಹೇಳಿ ಮತ್ತೆ ಎಲೆ ಹಾಕಿಕೊಂಡರು.

ಅಧ್ಯಕ್ಷರು ಗೊಣಗುತ್ತ ಕುರ್ಚಿಯಲ್ಲಿ ಕೂತರು. ಆಮೇಲೆ ಅಭ್ಯಾಸಬಲದಿಂದ ಸರ್ ಕಡೆ ತಿರುಗಿ, "ಅಂದಂಗ, ಆ ಒಕ್ಕಲುತನದ ಮಾಸಪತ್ರಿಕೆ ಈ ತಿಂಗಳದ್ದು ಬಂದೈತೇನು?" ಎಂದರು. ಸರ್ ಮಾತಾಡದೆ ರಟ್ಟಿನತ್ತ ಬೆರಳು ತೋರಿಸಿದರು. ಅಧ್ಯಕ್ಷರ ಬಾಜೂಕಿಗೆ ಇದ್ದವನು ಅವತ್ತು ಪೇಟಿಯ ಜೊತೆ ಬಂದಿದ್ದ ಸೋಮ. ಅವನು ಸಂಕೋಚದಿಂದ ಮೈ ಹಿಡಿಮಾಡಿಕೊಂಡು, "ಇಲ್ಲೇ ಕೂತು ಓದೂದು ಐತಲ್ಲ, ಅಲ್ಲಿ ಒತ್ರಿ" ಎಂದ. ಅಧ್ಯಕ್ಷರು ಒತ್ತಿದರು. ಪಟ್ಟಿಯಲ್ಲಿ ಪತ್ರಿಕೆಯ ಹೆಸರೂ ಇತ್ತು, ಬಂದ ತಿಂಗಳೂ ಇತ್ತು. ಅವರು ಸೋಮನನ್ನೂ ಪರದೆಯನ್ನೂ ನೋಡಿ, ಕೊನೆಗೆ ನಕ್ಕುಬಿಟ್ಟರು. "ಆತು. ಒಂದ ವರ್ಷ ನೋಡೂಣು."

ನಿವೃತ್ತಿಯ ದಿನ ಅವರು ಭಾಷಣ ಮಾಡಲಿಲ್ಲ. ಮರುದಿನದಿಂದ ಆ ರಸ್ತೆಗೇ ಬರಲಿಲ್ಲ. ಮನೆ ಎರಡು ಓಣಿ ಆಚೆ. ಆದರೂ ಮಾರ್ಕೆಟ್ಟಿಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಸಂಜೆ ಮೌಳಂಗಿಯ ಹೊಳೆದಂಡೆಗೆ ಹೋಗಿ ಮೀನು ಹಿಡಿಯುವವರೊಂದಿಗೆ ಹರಟುತ್ತಿದ್ದರು. ಸರ್ ಗದ್ದಲಕ್ಕೆ ಮೀನು ದೂರ ಹೋಗುತ್ತವೆಂದು ಆ ಮೀನುಗಾರರು ಗೊಣಗುತ್ತಿದ್ದರಂತೆ. ನಾನೊಮ್ಮೆ ಅಲ್ಲಿ ಸಿಕ್ಕಾಗ ಕಣ್ಣರಳಿಸಿ, "ಏನ ನಡದೈತಿ ಅಲ್ಲೆ?" ಎಂದವರು, ನಾನು ಬಾಯಿ ತೆರೆಯುವ ಮೊದಲೇ, "ಬ್ಯಾಡ, ಹೇಳಬ್ಯಾಡ. ಕೇಳಿದ್ರ ಹೋಗಬೇಕು ಅನಸ್ತೈತಿ. ನಾ ಹೋದ್ರ ಮತ್ತ ಎಲ್ಲಾರೂ ನನ್ನ ಕೇಳ್ತಾರ" ಎಂದರು. ಇಷ್ಟು ಪ್ರೀತಿಯ ಜಾಗದಿಂದ ಒಬ್ಬ ಮನುಷ್ಯ ತನ್ನನ್ನು ತಾನೇ ಹೀಗೆ ದೂರ ಇಟ್ಟುಕೊಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅವತ್ತು ಮನೆಗೆ ಬಂದು ಅತ್ತೆ.

ಅಧ್ಯಕ್ಷರು ಕೊಟ್ಟ ವರ್ಷ ಮುಗಿಯಿತು. ಪೇಟಿಗಳು ಬಸ್ಸಿನ ಮೇಲೆ ಹೋಗುತ್ತಲೇ ಇದ್ದವು, ಫೋನು ಯಾರ ಕೈಗೆ ಸಿಗುತ್ತದೋ ಅವರು ಎತ್ತುತ್ತಿದ್ದರು. ಬಾಗಿಲು ಮುಚ್ಚುವ ಮಾತನ್ನು ಸಮಿತಿ ಮತ್ತೆ ಎತ್ತಲಿಲ್ಲ. ಅದು ತಿಳಿದ ಕೆಲವು ದಿನಗಳಿಗೆ, ಒಂದು ಮಧ್ಯಾಹ್ನ, ನನ್ನ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ನನ್ನ ವಿದ್ಯಾರ್ಥಿಗಳು ಟೈಪು ನಿಲ್ಲಿಸಿದರು. ಸರ್ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು, ಬಾಯಿ ಕಿವಿಯವರೆಗೂ ಹರಿದಿತ್ತು.

"ತಂಗಿ! ಕೆಳಗ ಹೋಗಿದ್ದೆ. ಸಿಪಾಯಿ ಇರಲಿಲ್ಲ. ಯಾರೋ ಹೊಸ ಹುಡುಗಿ ಕೂತು ಓದಾಕತ್ತಿತ್ತು. ಸುಮ್ಮ ಒಂದ ಪುಸ್ತಕ ಐತೇನವಾ ಅಂತ ಕೇಳಿದೆ. ನನ್ನ ಗುರ್ತ ಇಲ್ಲ ಅಕಿಗೆ! ಕಂಪ್ಯೂಟರ್ ನನ್ನ ಕಡೆ ತಿರುಗಿಸಿ, ಅಜ್ಜಾರ, ಒಳಗೈತೋ ಹೊರಗೈತೋ ಅಲ್ಲಿ ಒತ್ರಿ, ತಿಳೀಲಿಲ್ಲಂದ್ರ ಬಾಜೂಕಿನವ್ರನ್ನ ಕೇಳ್ರಿ ಅಂದ್ಳು. ನನಗ! ನಾ ಖುಷಿಗೆ ಜೋರ ನಕ್ಕೆ. ಅದಕ್ಕ ಏನಂದ್ಳು ಗೊತ್ತೇನು?"

"ಏನಂದ್ಳ್ರಿ?"

"ಸಾವಕಾಶ ಮಾತಾಡ್ರಿ ಅಜ್ಜಾರ, ಇದು ಲೈಬ್ರರಿ ಐತಿ ಅಂದ್ಳು!"

ಕುರ್ಚಿ ಹಿಡಿದುಕೊಂಡು ನಗುತ್ತ ನಗುತ್ತ ಅತ್ತುಬಿಟ್ಟರು. ನಾನೂ ಅತ್ತೆ. ಆಮೇಲೆ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡು, ನನ್ನ ಮೇಜಿನ ಮೇಲಿದ್ದ ನೀರು ಗಟಗಟ ಕುಡಿದು, ಮತ್ತೆ ಮೆಟ್ಟಿಲ ಕಡೆ ತಿರುಗಿದರು.

"ಏಳು, ಹೋಗೂಣು ನಡಿ," ಎಂದರು. "ಇನ್ನೊಮ್ಮೆ ಬೈಸಿಕೊಂಡ ಬರೂಣು."